ಶರಾವತಿಯ ಅಳಿವೆಯೂ ನಮ್ಮ ಕಥಾಸಾಹಿತ್ಯವೂ

ಶರಾವತಿ ನದಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಸುಮಾರು 128 ಕಿಲೋಮೀಟರು ಹರಿದು, ಹೊನ್ನಾವರದ ಬಳಿ ಕಡಲನ್ನು ಸೇರುತ್ತದೆಂಬುದು ಭೂಗೋಳದ ಮಾತು. ಸಾಹಿತ್ಯದ ಮಾತು ಬೇರೆ. ಅಲ್ಲಿ ಈ ನದಿಯು ಜೋಗದಲ್ಲಿ 253 ಮೀಟರು ಕೆಳಕ್ಕೆ ಧುಮುಕಿದ ಮೇಲೆ ಎಲ್ಲಿಗೂ ಹೋಗುವುದಿಲ್ಲ. ಕವಿಗಳು ಜಲಪಾತದ ಮುಂದೆ ನಿಂತು ಬೆರಗುಗೊಂಡಿದ್ದಾರೆ. ಕಾದಂಬರಿಕಾರರು ಜಲಪಾತದ ಮೇಲ್ಗಡೆ, ಅಣೆಕಟ್ಟಿನ ಹಿನ್ನೀರಿನಲ್ಲಿ, ಮುಳುಗಿದ ಊರುಗಳಿಗಾಗಿ ಮರುಗಿದ್ದಾರೆ. ಜೋಗದ ಕೆಳಗೆ ಗೇರುಸೊಪ್ಪೆಯವರೆಗಿನ ಕಣಿವೆ, ಅಲ್ಲಿಂದ ಹೊನ್ನಾವರದವರೆಗೆ ಸಿಹಿನೀರು ಉಪ್ಪುನೀರುಗಳು ದಿನಕ್ಕೆರಡು ಬಾರಿ ಒಂದನ್ನೊಂದು ತಳ್ಳಾಡುವ ಅಳಿವೆ, ಆ ನೀರಿನಲ್ಲಿ ಬಲೆ ಬೀಸಿ, ಚಿಪ್ಪಿಕಲ್ಲು ಹೆಕ್ಕಿ ಬಾಳುವ ಕುಟುಂಬಗಳು — ಇವು ನಮ್ಮ ತರಗತಿಗಳಲ್ಲಿ ನೆಲೆನಿಂತ ಕೃತಿಗಳೊಳಗೆ ಬಂದಿರುವುದು ತೀರ ಅಲ್ಪ. ಇದು ಏಕೆ ಹೀಗಾಯಿತು, ಹೀಗಾದುದರಿಂದ ನಮ್ಮ ಕಥನಕ್ಕೆ ಒದಗಿದ ಕೊರತೆ ಯಾವುದು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಸೊರಬ, ಶಿಕಾರಿಪುರಗಳ ವಿದ್ಯಾರ್ಥಿಗೆ ಹೊನ್ನಾವರದ ಅಳಿವೆಯ ಗೊಡವೆ ಏಕೆಂದು ಕೇಳಬಹುದು. ಈ ಎರಡು ತಾಲ್ಲೂಕುಗಳ ನೀರು ಪಡುವಣಕ್ಕೆ ಹರಿಯುವುದೇ ಇಲ್ಲ. ಸಾಗರದ ಬಳಿಯ ವರದಾಮೂಲದಲ್ಲಿ ಹುಟ್ಟಿದ ವರದೆಯು ಸೊರಬದ ಸೀಮೆಯನ್ನು ಹಾಯ್ದು, ಬನವಾಸಿಯನ್ನು ಬಳಸಿ, ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುತ್ತದೆ; ಶಿಕಾರಿಪುರದ ಕುಮುದ್ವತಿಯೂ ತುಂಗಭದ್ರೆಗೇ ಸಲ್ಲುತ್ತದೆ. ಆದರೆ ಒಂದೇ ಮಲೆಯ ಎರಡು ಮಗ್ಗುಲಿನ ನೀರುಗಳು ಪರಸ್ಪರ ಸಂಬಂಧವಿಲ್ಲದವು ಎಂದು ತಿಳಿಯುವ ಕಾಲ ಕಳೆದುಹೋಗಿದೆ. ಬೇಡ್ತಿಯ ನೀರನ್ನು ಘಟ್ಟದ ಮೇಲಿಂದಲೇ ವರದೆಗೆ ತಿರುಗಿಸುವ ಯೋಜನೆಯು ರಾಷ್ಟ್ರೀಯ ಜಲ ಅಭಿವೃದ್ಧಿ ಸಂಸ್ಥೆಯ ಪಟ್ಟಿಯಲ್ಲಿದೆ. ಉತ್ತರ ಕನ್ನಡದಲ್ಲಿ ಅದಕ್ಕೆ ಪ್ರಬಲವಾದ ವಿರೋಧವೂ ಇದೆ. ಆ ಬೇಡ್ತಿಯೇ ಕೆಳಗೆ ಗಂಗಾವಳಿ ಎಂಬ ಹೆಸರು ತಳೆದು ಅಂಕೋಲಾ ತಾಲ್ಲೂಕಿನಲ್ಲಿ ಅಳಿವೆಯಾಗುತ್ತದೆ. ಅಂದರೆ ಸೊರಬದವರು ತಮ್ಮದೆಂದು ಕರೆಯುವ ಹೊಳೆಯ ಏರಿಳಿತವು ಇನ್ನು ಮುಂದೆ ಯಾವುದೋ ಅಳಿವೆಯ ಮೀನುಗಾರನ ಬಲೆಗೆ ಸಂಬಂಧಿಸಿದ ವಿಷಯವಾಗಬಹುದು. ಅವನನ್ನು ನಾವು ಯಾವ ಪುಸ್ತಕದಲ್ಲಿ ಕಂಡಿದ್ದೇವೆ?

ಮೊದಲು ನಮ್ಮ ಸೀಮೆಯ ಪದ್ಧತಿಯನ್ನೇ ನೋಡೋಣ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವು ಕದಂಬ ವಂಶದ ಚರಿತ್ರೆಗೆ ಮುಖ್ಯ ಆಧಾರವೆಂದು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಕುಬ್ಜನೆಂಬ ಕವಿಯು ರಚಿಸಿದ ಈ ಸಂಸ್ಕೃತ ಪದ್ಯಮಾಲಿಕೆಗೆ ನೇರವಾದ ನಿಮಿತ್ತ ಮಾತ್ರ ಒಂದು ಕೆರೆ. ದೇವಾಲಯದ ಹತ್ತಿರ ಕಾಕುಸ್ಥವರ್ಮನು ಕಟ್ಟಿಸಿದ ಕೆರೆಯ ಸ್ಮರಣೆಗಾಗಿ ಅದು ಕಲ್ಲಿಗೇರಿತು. ಹೀಗೆ ಈ ನಾಡಿನ ಅತಿ ಪ್ರಾಚೀನ ಕಾವ್ಯಗಳಲ್ಲೊಂದು ನೀರಿನ ಕಾವ್ಯ. ಆದರೆ ಕಟ್ಟಿಸಿದವನ ವಂಶಾವಳಿಯು ಅದರಲ್ಲಿ ಎಷ್ಟು ವಿಸ್ತಾರವಾಗಿದೆಯೋ ಆ ಕೆರೆಗೆ ಇಳಿದವರ ವಿಷಯದಲ್ಲಿ ಅಷ್ಟೇ ಮೌನವಿದೆ. ರಾಜಪ್ರಶಸ್ತಿಯಲ್ಲಿ ಬೆಸ್ತನನ್ನು ಹುಡುಕುವುದು ಅನ್ಯಾಯವೆಂದರೆ ಒಪ್ಪಬೇಕಾದುದೇ. ಆದರೆ ಪ್ರಶಸ್ತಿಯ ಈ ದೃಷ್ಟಿಯು, ನೀರು ಎಂದೊಡನೆ ಕಟ್ಟಿದವನನ್ನೂ ಅದರಿಂದ ಬೆಳೆದ ಭೂಮಿಯನ್ನೂ ನೆನೆಯುವ ಈ ಅಭ್ಯಾಸವು, ಪ್ರಶಸ್ತಿಗಳ ಕಾಲ ಮುಗಿದ ಮೇಲೂ ಮುಗಿಯಲಿಲ್ಲ.

ಜನಪದರ ರೂಢಿ ಬೇರೆಯದು. ಸೊರಬ, ಸಾಗರ, ಶಿಕಾರಿಪುರಗಳ ಕಡೆ ಬೇಸಗೆಯಲ್ಲಿ ಕೆರೆಯ ನೀರು ಇಳಿದಾಗ ನಡೆಯುವ ಕೆರೆಬೇಟೆಯನ್ನು ಕಾಣದವರು ನಮ್ಮಲ್ಲಿ ಕಡಿಮೆ. ಗೊತ್ತುಪಡಿಸಿದ ದಿನ ಸುತ್ತಣ ಹಳ್ಳಿಗಳ ಜನ ಬಿದಿರಿನ ಕೂಣಿಗಳನ್ನು ಹಿಡಿದು ದಂಡೆಯ ಮೇಲೆ ನೆರೆಯುತ್ತಾರೆ. ಸೂಚನೆಯಾದೊಡನೆ ಒಮ್ಮೆಗೇ ನೀರಿಗೆ ನುಗ್ಗುತ್ತಾರೆ. ಕೂಣಿಯನ್ನು ಕೆಸರಿಗೆ ಊರಿ, ಮೇಲಿನ ಬಾಯಿಯಿಂದ ಕೈಯಿಳಿಸಿ, ಒಳಗೆ ಸಿಕ್ಕಿದ ಮೀನನ್ನು ಹಿಡಿಯುತ್ತಾರೆ. ಒಂದು ದಿನದ ಮಟ್ಟಿಗೆ ಕೆರೆಯು ಊರೆಲ್ಲರದು. 2024ರಲ್ಲಿ ತೆರೆಕಂಡ ‘ಕೆರೆಬೇಟೆ’ ಎಂಬ ಚಲನಚಿತ್ರವು ಈ ರೂಢಿಯ ಹೆಸರನ್ನೇ ಧರಿಸಿ ನಾಡಿನ ಉಳಿದ ಭಾಗಕ್ಕೂ ಇದನ್ನು ಪರಿಚಯಿಸಿತು. ಚಿತ್ರವು ಮಲೆನಾಡಿನ ನುಡಿಯನ್ನೂ ನೆಲವನ್ನೂ ಆದರದಿಂದ ಕಂಡಿದೆ. ಕೆಸರಿನಲ್ಲಿ ಮೈಮರೆತ ಜನಸಮೂಹದ ದೃಶ್ಯಗಳು ಸತ್ಯವಾಗಿವೆ. ಆದರೆ ಅದರ ಕಥೆಯು ಪ್ರೇಮ ಮತ್ತು ಜಾತಿಗಳ ಕಥೆ. ಕೆರೆಯು ಅದಕ್ಕೆ ರಂಗಸ್ಥಳ, ಬೇಟೆಯು ಅದಕ್ಕೆ ರೂಪಕ. ಚಿತ್ರದ ದೃಷ್ಟಿಯಿಂದ ಇದು ದೋಷವೇನೂ ಅಲ್ಲ. ಹಬ್ಬದ ದಿನದ ಮೀನುಬೇಟೆಗೂ ನಿತ್ಯದ ಮೀನುಗಾರಿಕೆಗೂ ಇರುವ ಅಂತರವನ್ನು ಅದು ನಮ್ಮ ಗಮನಕ್ಕೆ ತರುತ್ತದೆಂಬುದಷ್ಟೇ ಇಲ್ಲಿ ಹೇಳಬೇಕಾದುದು. ಹಬ್ಬವು ಬಲುಬೇಗ ದೃಶ್ಯವಾಗುತ್ತದೆ. ದಿನದಿನದ ದುಡಿಮೆಯನ್ನು ದೃಶ್ಯವಾಗಿಸುವುದು ಕಷ್ಟ.

ರೂಪಕವಾಗುವ ಈ ಹಣೆಬರಹವು ನೀರಿನ ಜನಕ್ಕೆ ಹಳೆಯದು. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನು ವಚನಕಾರರ ನಡುವೆ ತನ್ನ ಕಸುಬಿನ ಹೆಸರನ್ನೇ ಅಂಕಿತವಾಗಿ ಹೊತ್ತವನು. ಅಲ್ಲಮನು ಹುಟ್ಟಿದ ಬಳ್ಳಿಗಾವೆಯೋ ಶಿಕಾರಿಪುರ ತಾಲ್ಲೂಕಿನಲ್ಲಿಯೇ ಇದೆ. ಆದರೆ ಚೌಡಯ್ಯನನ್ನು ಕಲಿಸುವಾಗ ನಾವು ದೋಣಿಯನ್ನು ಬೇಗಬೇಗ ದಾಟಿ ಭವಸಾಗರಕ್ಕೆ ಹೋಗಿಬಿಡುತ್ತೇವೆ. ತುಂಗಭದ್ರೆಯ ದಡದಲ್ಲಿ ಹುಟ್ಟು ಹಾಕಿ ಬೆಳೆದ ತೋಳಿನ ಕಸುವು ಆ ಕಟುನುಡಿಯಲ್ಲಿ ಇಲ್ಲವೆ? ಇದನ್ನು ವಿಸ್ತರಿಸಲು ಇಲ್ಲಿ ಸ್ಥಳವಿಲ್ಲ.

ಇನ್ನು ಶರಾವತಿಯ ಕಥನಕ್ಕೆ ಬರೋಣ. ಈ ನದಿಯ ನವಯುಗವನ್ನು ಕನ್ನಡದಲ್ಲಿ ಬರೆದವರಲ್ಲಿ ನಾ. ಡಿಸೋಜರಿಗೆ ಅಗ್ರಸ್ಥಾನವು ಸಲ್ಲತಕ್ಕದ್ದು. 1937ರಲ್ಲಿ ಸಾಗರದಲ್ಲಿ ಹುಟ್ಟಿ, ಯೋಜನೆಯ ಕಚೇರಿಯಲ್ಲಿ ನೌಕರಿ ಮಾಡಿ, 2025ರ ಜನವರಿಯಲ್ಲಿ ತೀರಿಕೊಂಡ ಈ ಹಿರಿಯರು ಲಿಂಗನಮಕ್ಕಿ ಅಣೆಕಟ್ಟು ಏರಿದುದನ್ನೂ, 1964ರ ವೇಳೆಗೆ ಅದು ಮುಗಿದು ನೀರು ಹಳ್ಳಿಗಳನ್ನು ನುಂಗಿದುದನ್ನೂ ಹತ್ತಿರದಿಂದ ಕಂಡವರು. ‘ಮುಳುಗಡೆ’, ‘ದ್ವೀಪ’ ಮೊದಲಾದ ಕಾದಂಬರಿಗಳಲ್ಲಿ ಅವರು ಸಾಧಿಸಿದುದು ಸಣ್ಣದಲ್ಲ. ರಾಷ್ಟ್ರನಿರ್ಮಾಣದ ಉತ್ಸಾಹವು ನಾಡಿನ ತುಂಬ ಹಬ್ಬಿದ್ದ ಕಾಲದ ಘಟನೆಯನ್ನು ಅವರು ದೀಪ ಹತ್ತಿದ ಊರಿನ ಕಡೆಯಿಂದ ನೋಡದೆ ದೀಪ ಆರಿದ ಮನೆಯ ಕಡೆಯಿಂದ ನೋಡಿದರು. ಅದರಲ್ಲಿಯೂ ‘ದ್ವೀಪ’ದ ಕಟ್ಟಡವು ಎಷ್ಟು ಸರಳವೋ ಅಷ್ಟು ಬಿಗಿಯಾದುದು. ಮಳೆ ಸುರಿಯುತ್ತದೆ, ಹಿನ್ನೀರು ಏರುತ್ತದೆ, ಸೀತಾಪರ್ವತದ ಸುತ್ತಣ ನೆಲವು ದಿನದಿನಕ್ಕೆ ಕುಗ್ಗುತ್ತದೆ; ಗಣಪಯ್ಯ ಮತ್ತು ನಾಗವೇಣಿಯರ ದಾಂಪತ್ಯದೊಳಗಣ ಸಂಶಯವೂ ಅದೇ ಗತಿಯಲ್ಲಿ ಏರುತ್ತದೆ. ಹೊರಗಿನ ನೀರೂ ಒಳಗಿನ ನೀರೂ ಒಂದೇ ಅಳತೆಗೋಲಿನಲ್ಲಿ ಏರುವ ಈ ವಿನ್ಯಾಸವನ್ನು ಗಿರೀಶ ಕಾಸರವಳ್ಳಿಯವರು 2002ರ ತಮ್ಮ ಚಿತ್ರಕ್ಕೆ ಆರಿಸಿಕೊಂಡುದೂ, ಆ ಚಿತ್ರವು ರಾಷ್ಟ್ರದ ಅತ್ಯುತ್ತಮ ಕಥಾಚಿತ್ರವೆಂದು ಸ್ವರ್ಣಕಮಲವನ್ನು ಪಡೆದುದೂ ಆಕಸ್ಮಿಕವಲ್ಲ.

ಆದರೆ ಈ ಯಶಸ್ಸಿನಲ್ಲಿಯೇ ನಮ್ಮ ಪ್ರಶ್ನೆಯ ಬೀಜವಿದೆ. ಮುಳುಗಡೆಯು ಕಥನಕ್ಕೆ ಒಲಿದ ವಸ್ತು. ಅದಕ್ಕೆ ಆರಂಭವಿದೆ: ಸರ್ಕಾರದ ತಿಳುವಳಿಕೆ ಪತ್ರ. ನಡುವಿದೆ: ಪರಿಹಾರಕ್ಕಾಗಿ ಅಲೆದಾಟ. ಅಂತ್ಯವಿದೆ: ಹೊಸ್ತಿಲನ್ನು ಮುಟ್ಟಿದ ನೀರು. ಕಾದಂಬರಿಕಾರನು ಕಲ್ಪಿಸಬೇಕಾದ ಚೌಕಟ್ಟನ್ನು ಲೋಕೋಪಯೋಗಿ ಇಲಾಖೆಯೇ ಕಲ್ಪಿಸಿಕೊಟ್ಟಂತಾಯಿತು. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿಯಿದೆ. ‘ಸಂತ್ರಸ್ತ’ನೆಂದರೆ ಯಾರು ಎಂಬ ನಿರ್ಣಯವನ್ನು ಮಾಡಿದುದು ಭೂಸ್ವಾಧೀನದ ದಫ್ತರ. ಮುಳುಗಿದ ಸರ್ವೆ ನಂಬರು ಯಾರ ಹೆಸರಿನಲ್ಲಿತ್ತೋ ಅವನು ಸಂತ್ರಸ್ತ. ಗೇಣಿದಾರನಿಗೆ ಅರ್ಧ ಮನ್ನಣೆ. ನೆಲವಿಲ್ಲದವನಿಗೆ ಇನ್ನೂ ಕಡಿಮೆ. ನಮ್ಮ ಕಥನವು ಈ ದಫ್ತರದ ನಿಷ್ಕರುಣೆಯನ್ನು ತೀವ್ರವಾಗಿ ಖಂಡಿಸಿತು. ಆದರೆ ಅದರ ವ್ಯಾಖ್ಯೆಯನ್ನು ತನಗರಿಯದೆಯೇ ಅಂಗೀಕರಿಸಿತು. ಪಟ್ಟಿಯಲ್ಲಿ ಇದ್ದವರ ದುಃಖವು ಕಾದಂಬರಿಯಾಯಿತು. ಪಟ್ಟಿಯಲ್ಲಿ ಎಂದೂ ಇಲ್ಲದವರು ಕಾದಂಬರಿಯಲ್ಲಿಯೂ ಇಲ್ಲವಾದರು. ಡಿಸೋಜರನ್ನು ಇದಕ್ಕಾಗಿ ಆಕ್ಷೇಪಿಸುವುದು ಸಲ್ಲದು. ಅವರು ನಿಂತ ಎಡೆಯಿಂದ ಕಾಣಬಹುದಾದುದನ್ನು ಅವರು ಸಂಪೂರ್ಣವಾಗಿ ಕಂಡರು. ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಎದ್ದ 2019ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಅದರ ವಿರುದ್ಧ ನಿಂತವರು ಅವರು. ಅವರು ಬಿಟ್ಟ ಎಡೆಯಿಂದ ಕೆಳಕ್ಕೆ ಇಳಿಯಬೇಕಾದುದು ಅನಂತರದವರ ಕೆಲಸವಾಗಿತ್ತು.

ಕೆಳಗೆ ಏನು ನಡೆಯಿತೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಅಪರಿಚಿತವಾಗಿರಬಹುದು. ಅಳಿವೆಯೆಂಬುದು ಒಂದು ಸಮತೋಲನ. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಉಪ್ಪನ್ನು ಕಡಲಿಗೆ ಅಟ್ಟುತ್ತದೆ. ಬೇಸಗೆಯಲ್ಲಿ ಹೊಳೆ ಸೊರಗಿದಾಗ ಉಬ್ಬರದ ನೀರು ಹತ್ತಾರು ಮೈಲಿ ಒಳಕ್ಕೆ ಏರುತ್ತದೆ. ಈ ಏರಿಳಿತವನ್ನು ನಂಬಿಯೇ ಚಿಪ್ಪಿಕಲ್ಲುಗಳು ಬೆಳೆಯುತ್ತವೆ, ಸಿಗಡಿಯ ಮರಿಗಳು ಒಳಬರುತ್ತವೆ, ಕಾಂಡ್ಲಾ ಗಿಡಗಳ ಬೇರುಗಳಲ್ಲಿ ಮೀನು ಮೊಟ್ಟೆಯಿಡುತ್ತದೆ. ಗಜನಿಯೆಂದು ಕರೆಯುವ ತಗ್ಗುಗದ್ದೆಗಳಲ್ಲಿ ಮಳೆಗಾಲಕ್ಕೆ ಉಪ್ಪನ್ನು ತಾಳುವ ಕಗ್ಗವೆಂಬ ಬತ್ತ, ಕೊಯ್ಲಾದ ಮೇಲೆ ಮೀನು, ಸಿಗಡಿ — ಇದು ಆ ಕಡೆಯ ಬೇಸಾಯಕ್ರಮ. ಅಂಬಿಗರು, ಹರಿಕಂತ್ರರು, ಖಾರ್ವಿಗಳು, ಗಾಬಿತರು, ಮೊಗೇರರು, ದಾಲ್ದಿಗಳು ಮೊದಲಾದ ಪಂಗಡಗಳ ಬಾಳು ಈ ಕರಾವಳಿಯಲ್ಲಿ ಹಬ್ಬಿದೆ. ಚಿಪ್ಪಿಕಲ್ಲನ್ನಂತೂ ಜಾತಿಯ ನಿಯಮವಿಲ್ಲದೆ ಬಡವರೆಲ್ಲರೂ, ಮುಖ್ಯವಾಗಿ ಹೆಂಗಸರು, ಇಳಿತದ ಹೊತ್ತಿಗೆ ಸೊಂಟಮಟ್ಟದ ನೀರಿನಲ್ಲಿ ನಿಂತು ಹೆಕ್ಕುತ್ತಾರೆ.

ಅಣೆಕಟ್ಟಾದ ಮೇಲೆ ಶರಾವತಿಯ ಅಳಿವೆಯಲ್ಲಿ ಬೇಸಗೆಯೇ ಇಲ್ಲವಾಯಿತು ಎಂದರೆ ತಪ್ಪಾಗದು. ವಿದ್ಯುತ್ತಿನ ಚಕ್ರಗಳು ವರ್ಷವಿಡೀ ತಿರುಗುತ್ತವೆ. ತಿರುಗಿಸಿದ ನೀರು ವರ್ಷವಿಡೀ ಕೆಳಕ್ಕೆ ಬರುತ್ತದೆ. ಈ ಶತಮಾನದ ಆರಂಭದ ಹೊತ್ತಿಗೆ ಗೇರುಸೊಪ್ಪೆಯ ಅಣೆಕಟ್ಟೂ 240 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರವೂ ಸೇರಿಕೊಂಡವು. ಉಪ್ಪುನೀರು ಏರಬೇಕಾದ ತಿಂಗಳುಗಳಲ್ಲಿ ಸಿಹಿನೀರು ಅದನ್ನು ಬಾಯಿಯಲ್ಲಿಯೇ ತಡೆಯುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ, ಎಂ. ಡಿ. ಸುಭಾಷ್ ಚಂದ್ರನ್ ಮೊದಲಾದವರು ಉತ್ತರ ಕನ್ನಡದ ಅಳಿವೆಗಳನ್ನು ಹೋಲಿಸಿ ನಡೆಸಿದ ಅಧ್ಯಯನಗಳು ಇದರ ಪರಿಣಾಮವನ್ನು ತೋರಿಸಿವೆ: ಶರಾವತಿಯಲ್ಲಿ ಚಿಪ್ಪಿಕಲ್ಲುಗಳು ತೀರ ಕುಗ್ಗಿವೆ, ಉಪ್ಪನ್ನು ಬಯಸುವ ಕಾಂಡ್ಲಾ ಜಾತಿಗಳ ಎಡೆಯನ್ನು ಸಿಹಿನೀರಿಗೆ ಒಗ್ಗುವ ಜಾತಿಗಳು ಹಿಡಿದಿವೆ. ಉತ್ತರಕ್ಕೆ ಕೆಲವೇ ಹರದಾರಿ ದೂರದಲ್ಲಿ, ಅಣೆಕಟ್ಟಿಲ್ಲದೆ ಹರಿಯುವ ಅಘನಾಶಿನಿಯ ಅಳಿವೆಯಲ್ಲಿ ಅದೇ ಅಧ್ಯಯನಕಾರರು ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪಿಕಲ್ಲು ದೊರೆಯುವುದನ್ನೂ, ಎರಡು ಸಾವಿರಕ್ಕೂ ಹೆಚ್ಚು ಜನ ಅದನ್ನು ಆರಿಸಿ ಜೀವಿಸುವುದನ್ನೂ ಲೆಕ್ಕಹಾಕಿದರು. ಅಘನಾಶಿನಿಯೂ ನಿರ್ಭಯವಾಗಿ ಉಳಿದುದೇನಲ್ಲ. ತದಡಿಯಲ್ಲಿ ಶಾಖೋತ್ಪನ್ನ ವಿದ್ಯುತ್ ಸ್ಥಾವರ, ಬಂದರು ಎಂದು ಒಂದಾದ ಮೇಲೊಂದು ಯೋಜನೆಯ ನೆರಳು ಅದರ ಮೇಲೆ ಬಿದ್ದಿತ್ತು. 2024ರಲ್ಲಿ ಆ ಅಳಿವೆಯು ರಾಮ್ಸರ್ ಒಪ್ಪಂದದ ಪಟ್ಟಿಗೆ ಸೇರಿತು. ಶರಾವತಿಯ ಬಾಯಿಯಲ್ಲಾದರೋ ಕಾಸರಕೋಡ ಟೊಂಕದ ಖಾಸಗಿ ಬಂದರಿನ ವಿರುದ್ಧ ಮೀನುಗಾರ ಕುಟುಂಬಗಳೂ ಒಣಮೀನಿನ ಕೆಲಸದ ಹೆಂಗಸರೂ ವರ್ಷಗಟ್ಟಲೆ ಹೋರಾಡಬೇಕಾಗಿ ಬಂದಿದೆ.

ಈ ವೃತ್ತಾಂತವನ್ನು ‘ದ್ವೀಪ’ದ ಪಕ್ಕದಲ್ಲಿಟ್ಟು ನೋಡಿದರೆ ವಿಮರ್ಶೆಯ ಸಮಸ್ಯೆಯು ಸ್ಪಷ್ಟವಾಗುತ್ತದೆ. ಮೇಲೆ ನೀರು ಬಂದು ನೆಲವು ಹೋಯಿತು. ಕೆಳಗೆ ನೀರು ಬಂದು ನೀರೇ ಹೋಯಿತು. ಮೊದಲನೆಯದಕ್ಕೆ ಒಂದು ದಿನಾಂಕವಿದೆ, ಎರಡನೆಯದಕ್ಕೆ ದಿನಾಂಕವಿಲ್ಲ. ಯಾವ ಮುಂಜಾನೆ ಎದ್ದು ಆ ಹೆಂಗಸು ‘ಇಂದಿನಿಂದ ಬಳಚು ಸಿಗದು’ ಎಂದುಕೊಂಡಳು? ಒಂದು ವರ್ಷ ಬುಟ್ಟಿ ತುಂಬಲಿಲ್ಲ. ಮರುವರ್ಷ ತಳ ಮುಚ್ಚಲಿಲ್ಲ. ಮೂರನೆಯ ವರ್ಷ ಮಗಳು ಅವಳೊಡನೆ ಹೊಳೆಗೆ ಇಳಿಯಲಿಲ್ಲ. ಮನೆ ಇದ್ದಲ್ಲೇ ಇದೆ, ಹೊಳೆಯೂ ಇದೆ, ನೋಡುವವರಿಗೆ ಮೊದಲಿಗಿಂತ ಹೆಚ್ಚಾಗಿಯೇ ಇದೆ. ಪರಿಹಾರ ಕೇಳಲು ಯಾವ ಕಾಗದವೂ ಇಲ್ಲ, ಏಕೆಂದರೆ ನೀರಿಗೆ ಪಟ್ಟೆಯಿಲ್ಲ. ಇಂತಹ ನಷ್ಟವನ್ನು ಹೇಳುವ ಕಥೆಯು ಎಲ್ಲಿ ಆರಂಭವಾಗಬೇಕು, ಎಲ್ಲಿ ಮುಗಿಯಬೇಕು? ಘಟನೆಯನ್ನು ಬೆನ್ನೆಲುಬಾಗಿ ಹಿಡಿದ ಕಾದಂಬರಿಗೆ ಇದು ಕೈಗೆ ಸಿಗದ ವಸ್ತು. ಅಳಿವೆಯ ಜನರು ನಮ್ಮ ಕಥನದಿಂದ ಹೊರಗುಳಿದುದಕ್ಕೆ ಲೇಖಕರ ಅನಾದರವೊಂದೇ ಕಾರಣವೆನ್ನುವುದು ಸುಲಭದ ತೀರ್ಪು. ಅವರು ಬಳಸಿದ ರೂಪವೇ ಅದಕ್ಕೆ ದಾರಿಗೊಡಲಿಲ್ಲವೆಂಬುದು ನನ್ನ ಅಭಿಪ್ರಾಯ.

ಕರಾವಳಿಯ ಲೇಖಕರು ಈ ಕೊರತೆಯನ್ನು ತುಂಬಿದರೆ? ವಿ. ಕೃ. ಗೋಕಾಕರ ‘ಸಮುದ್ರಗೀತೆಗಳು’ ಕನ್ನಡ ಕಾವ್ಯಕ್ಕೆ ಹೊಸ ಛಂದಸ್ಸಿನ ಗಾಳಿಯನ್ನು ತಂದಿತು. ಆದರೆ ಅಲ್ಲಿಯ ಕಡಲು ಅಪಾರತೆಯ ಕಡಲು, ದಡದ ಹೊಲಸು ಅದಕ್ಕೆ ತಾಗಿಲ್ಲ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯು ನಡೆಯುವುದು ಕೋಟದ ಬಳಿಯ ಕೋಡಿಯಲ್ಲಿ, ಹೊಳೆಗೂ ಕಡಲಿಗೂ ನಡುವಣ ಮರಳಪಟ್ಟಿಯಲ್ಲಿ. ನೀರಿನ ಸಾಮೀಪ್ಯವನ್ನು ಅಷ್ಟು ಸಹಜವಾಗಿ ಹಿಡಿದ ಕಾದಂಬರಿ ನಮ್ಮಲ್ಲಿ ಇನ್ನೊಂದಿಲ್ಲವೆಂದೇ ಹೇಳಬೇಕು. ಪಾರೋತಿ, ಸರಸೋತಿಯರ ದುಡಿಮೆಯ ವರ್ಣನೆಯಲ್ಲಿ ಕಾರಂತರು ತೋರಿದ ತಾಳ್ಮೆಯು ಘಟನೆಯಿಲ್ಲದ ಬಾಳನ್ನೂ ಕಥನವಾಗಿಸಬಹುದೆಂಬುದಕ್ಕೆ ನಿದರ್ಶನ. ಆದರೆ ಹೆಸರೇ ಹೇಳುವಂತೆ ಅದರ ಶ್ರದ್ಧೆಯು ಮಣ್ಣಿನಲ್ಲಿ. ಅದರ ನಡುಮನೆ ಐತಾಳರದು. ಮೂರು ತಲೆಮಾರುಗಳ ಕೊನೆಯಲ್ಲಿ ಮರಳಲು ಅವರಿಗೆ ಮಣ್ಣಿದೆ. ಯಶವಂತ ಚಿತ್ತಾಲರು ಅಘನಾಶಿನಿಯ ನೆರೆಯ ಹನೇಹಳ್ಳಿಯನ್ನು ಕನ್ನಡದ ಚಿರಸ್ಮರಣೀಯ ಸ್ಥಳವನ್ನಾಗಿ ಮಾಡಿದರು. ಆದರೆ ಅವರ ಹನೇಹಳ್ಳಿಯು ಬಹುಮಟ್ಟಿಗೆ ಮುಂಬಯಿಯಿಂದ ನೆನೆದ ಹನೇಹಳ್ಳಿ. ನೆನಪಿಗೆ ಅದರದೇ ಸತ್ಯವುಂಟು. ಕುಮಟೆಯಲ್ಲಿ ನೆಲೆಸಿ ಜಿಲ್ಲೆಯ ನಾನಾ ಪಂಗಡಗಳ ಹಾಡುಗಳನ್ನೂ ಕಥೆಗಳನ್ನೂ ಊರೂರು ಸುತ್ತಿ ಕೂಡಿಹಾಕಿದ ಎಲ್. ಆರ್. ಹೆಗಡೆಯವರ ಶ್ರಮವನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯಬೇಕು; ನಮ್ಮ ಕಾದಂಬರಿಕಾರರು ಆ ಭಂಡಾರವನ್ನು ಸಾಕಷ್ಟು ಬಳಸಿಕೊಂಡಿಲ್ಲ.

ನೆರೆಯ ಭಾಷೆಗಳಿಂದ ಎರಡು ಕೃತಿಗಳನ್ನು ಹೋಲಿಕೆಗೆ ತೆಗೆದುಕೊಳ್ಳಬಹುದು. ಎರಡೂ ಪುಸ್ತಕವಾಗಿ ಬಂದುದು 1956ರಲ್ಲಿ. ತಕಳಿಯವರ ‘ಚೆಮ್ಮೀನ್’ ಎಲ್ಲರೂ ಬಲ್ಲ ಕೃತಿ; 1965ರ ಚಲನಚಿತ್ರವು ಅದನ್ನು ದೇಶದಾದ್ಯಂತ ಒಯ್ದಿತು. ಅದರಲ್ಲಿ ಮೀನುಗಾರರ ಬಾಳು ದಟ್ಟವಾಗಿಯೇ ಇದೆ. ಆದರೆ ದುರಂತವನ್ನು ಹೊರುವುದು ಕಡಲಮ್ಮನ ಐತಿಹ್ಯ, ಹೆಣ್ಣಿನ ಶೀಲದ ನಂಬಿಕೆ. ಕಡಲು ಅಲ್ಲಿ ದಂಡಿಸುವ ದೇವತೆ. ಕಡಲಿಗೇ ಕೇಡು ಬಂದರೆ ಏನಾಗಬೇಕೆಂಬ ಪ್ರಶ್ನೆಯು ಆ ಐತಿಹ್ಯದಲ್ಲಿ ಏಳುವಂತಿಲ್ಲ.

ಇನ್ನೊಂದು ಅದ್ವೈತ ಮಲ್ಲಬರ್ಮನ್ ಎಂಬಾತನ ಬಂಗಾಳಿ ಕಾದಂಬರಿ, ‘ತಿತಾಸ್ ಒಂದು ನದಿಯ ಹೆಸರು’ ಎಂಬರ್ಥದ ಶೀರ್ಷಿಕೆಯುಳ್ಳದ್ದು. ಲೇಖಕನು ಮಾಲೋ ಎಂಬ ಮೀನುಗಾರ ಪಂಗಡದಲ್ಲಿಯೇ ಹುಟ್ಟಿದವನು. ಅವನ ಊರಿನ ಹೆಸರು ಗೋಕರ್ಣಘಾಟ್ — ನಮ್ಮ ಗೋಕರ್ಣದ ಅಘನಾಶಿನಿ, ಗಂಗಾವಳಿಗಳನ್ನು ನೆನೆದಾಗ ಈ ಹೆಸರಿನ ಸಾಮ್ಯವು ಚೋದ್ಯವನ್ನುಂಟುಮಾಡುತ್ತದೆ. ಕ್ಷಯದಿಂದ 1951ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡ ಈತನು ತನ್ನ ಪುಸ್ತಕವನ್ನು ಅಚ್ಚಿನಲ್ಲಿ ಕಾಣಲಿಲ್ಲ. 1973ರಲ್ಲಿ ಋತ್ವಿಕ್ ಘಟಕ್ ಅದನ್ನು ಚಿತ್ರವಾಗಿಸಿದರು. ಅದರ ವಸ್ತುವು ನಾವು ಚರ್ಚಿಸುತ್ತಿರುವುದೇ: ಒಂದು ನದಿ ನಿಧಾನವಾಗಿ ಬತ್ತುತ್ತದೆ, ಅದನ್ನು ನಂಬಿದ ಪಂಗಡವು ನಿಧಾನವಾಗಿ ಚದರುತ್ತದೆ. ಈ ನಿಧಾನವನ್ನು ಮಲ್ಲಬರ್ಮನ್ ಹೇಗೆ ಹೇಳಿದನೆಂಬುದರಲ್ಲಿ ಅವನ ಸಾಮರ್ಥ್ಯವಿದೆ. ನದಿಯು ಬತ್ತುವ ಮೊದಲು ಮಾಲೋಗಳ ಹಾಡು ಬತ್ತುತ್ತದೆ. ಹೊರಗಿನಿಂದ ಬಂದ ಜಾತ್ರಾ ಮೇಳದವರ ಥಳಕಿಗೆ ಮನಸೋತು ಕೇರಿಯು ಒಡೆಯುತ್ತದೆ. ತಲೆಮಾರುಗಳಿಂದ ಬಂದ ಹಬ್ಬದ ಪದಗಳನ್ನು ಹೇಳುವವರು ಕಡಿಮೆಯಾಗುತ್ತಾರೆ. ನೀರು ತಗ್ಗಿ ಮರಳದಿಣ್ಣೆ ಎದ್ದಾಗ, ಆ ಹೊಸ ನೆಲಕ್ಕಾಗಿ ಬೇಸಾಯಗಾರರು ಕೋಲು ಹಿಡಿದು ಬಂದಾಗ, ಎದುರು ನಿಲ್ಲಲು ಒಂದು ಪಂಗಡವೆಂಬುದೇ ಉಳಿದಿರುವುದಿಲ್ಲ. ದಿನಾಂಕವಿಲ್ಲದ ನಷ್ಟಕ್ಕೆ ಅವನು ಹಾಡುಗಳನ್ನೇ ಪಂಚಾಂಗವಾಗಿ ಮಾಡಿಕೊಂಡನು. ಘಟನೆಗೆ ಬದಲಾಗಿ ಋತುಚಕ್ರ, ನಾಯಕನಿಗೆ ಬದಲಾಗಿ ಕೇರಿ, ಅಂತ್ಯಕ್ಕೆ ಬದಲಾಗಿ ವಿರಳವಾಗುತ್ತ ಹೋಗುವ ದನಿಗಳು. ಇದು ಕನ್ನಡಕ್ಕೆ ಅಸಾಧ್ಯವಾದ ಮಾರ್ಗವೇನಲ್ಲ. ಕಾರಂತರ ತಾಳ್ಮೆಯೂ ಹೆಗಡೆಯವರ ಸಂಗ್ರಹವೂ ಕೂಡಿದ್ದರೆ ಇಂತಹುದೊಂದು ಕೃತಿಯು ನಮ್ಮಲ್ಲಿ ಎಂದೋ ಹುಟ್ಟಬಹುದಾಗಿತ್ತು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಸಾಹಿತ್ಯವು ಇಂಥ ವಸ್ತುವನ್ನು ಬರೆಯಲಿಲ್ಲವೆಂದು ವಿಮರ್ಶಕನು ದೂರಬಾರದು, ಬರೆದುದನ್ನು ಮಾತ್ರ ಅಳೆಯಬೇಕು ಎಂದು ಹೇಳುವವರಿದ್ದಾರೆ. ಸಾಮಾನ್ಯವಾಗಿ ಇದು ಒಪ್ಪತಕ್ಕ ಮಾತು. ಆದರೆ ಸಾಹಿತ್ಯದ ಮೌನವು ಭಾಷೆಯಲ್ಲಿ ಖಾಲಿಯಾಗಿ ಉಳಿಯುವುದಿಲ್ಲ. ಅದನ್ನು ಬೇರೆ ಮಾತುಗಳು ಬಂದು ತುಂಬುತ್ತವೆ. ‘ವ್ಯರ್ಥವಾಗಿ ಕಡಲು ಸೇರುವ ನೀರು’ ಎಂಬ ನುಡಿಗಟ್ಟನ್ನು ಕೇಳದವರು ಯಾರು? ಸಭೆಗಳಲ್ಲಿ, ಪತ್ರಿಕೆಗಳಲ್ಲಿ, ಪಡುವಣ ನದಿಗಳ ಮಾತು ಬಂದಲ್ಲೆಲ್ಲ ಇದು ಬರುತ್ತದೆ. ಪೂರ್ವದ ಬಯಲು ಜಿಲ್ಲೆಗಳ ಬಾಯಾರಿಕೆ ಸುಳ್ಳಲ್ಲ. ಅಲ್ಲಿಯ ರೈತನ ಕಷ್ಟವನ್ನು ಹಗುರವಾಗಿ ಕಾಣುವ ಅಧಿಕಾರ ಯಾರಿಗೂ ಇಲ್ಲ. ಆದರೆ ‘ವ್ಯರ್ಥ’ ಎಂಬುದು ವರ್ಣನೆಯಂತೆ ತೋರುವ ತೀರ್ಪು. ಕಡಲು ಸೇರುವ ನೀರಿನ ಬಾಯಲ್ಲಿ ಜನರಿದ್ದಾರೆಂಬುದನ್ನು ಆ ಒಂದು ಶಬ್ದವು ಅಳಿಸಿಹಾಕುತ್ತದೆ. ಆ ಜನರನ್ನು ಒಂದು ಒಳ್ಳೆಯ ಕಾದಂಬರಿಯಲ್ಲಿ ಕಂಡಿದ್ದ ಓದುಗನು ಈ ಶಬ್ದವನ್ನು ಇಷ್ಟು ನಿರಾತಂಕವಾಗಿ ಉಚ್ಚರಿಸಲಾರನು. ‘ಮುಳುಗಡೆ’, ‘ದ್ವೀಪ’ಗಳನ್ನು ಓದಿದವನಿಗೆ ‘ಪುನರ್ವಸತಿ’ ಎಂಬ ಶಬ್ದವು ಮೊದಲಿನಂತೆ ಕೇಳಿಸುವುದಿಲ್ಲವಷ್ಟೆ. ಕೃತಿಯೊಂದು ಭಾಷೆಗೆ ಮಾಡುವ ಉಪಕಾರವೆಂದರೆ ಇಂತಹುದು. ಶರಾವತಿಯ ವಿಷಯದಲ್ಲಂತೂ ತೊಡಕು ಇನ್ನೂ ಹೆಚ್ಚು: ಅಲ್ಲಿ ಹಾನಿಯಾದುದು ನೀರು ಬಾರದೆ ಅಲ್ಲ, ಅಕಾಲದಲ್ಲಿ ಬಂದು. ‘ವ್ಯರ್ಥ’ವೆಂಬ ಶಬ್ದದಲ್ಲಿ ಕಾಲಕ್ಕೆ ಎಡೆಯೇ ಇಲ್ಲ, ಅಳಿವೆಯ ಬಾಳಾದರೋ ಸಂಪೂರ್ಣವಾಗಿ ಕಾಲದ ಲೆಕ್ಕದ ಮೇಲೆ ನಡೆಯುವಂಥದು.

ಕೊನೆಯದಾಗಿ ಎರಡು ಶಬ್ದಗಳನ್ನು ಗಮನಿಸಬಹುದು. ಡಿಸೋಜರ ಕಾದಂಬರಿಯ ಹೆಸರು ‘ದ್ವೀಪ’. ಅದು ಸಂಸ್ಕೃತದ ಶಬ್ದ, ಹಿನ್ನೀರಿನ ನಡುವೆ ಒಂದು ಮಳೆಗಾಲದಲ್ಲಿ ಹುಟ್ಟಿದ ದುರವಸ್ಥೆಯ ಹೆಸರು. ದ್ವೀಪವಾಗುವುದೆಂದರೆ ಅಲ್ಲಿ ಜಗತ್ತಿನಿಂದ ಕಡಿದುಹೋಗುವುದು. ಅದೇ ನದಿಯ ಕೆಳತುದಿಯಲ್ಲಿ ನೀರು ಸುತ್ತುವರಿದ ನೆಲಕ್ಕೆ ಕುರ್ವೆ ಎನ್ನುತ್ತಾರೆ. ಹೊನ್ನಾವರದ ಮಾವಿನಕುರ್ವೆ, ಅಘನಾಶಿನಿಯ ಐಗಳಕುರ್ವೆ — ಇವು ಊರುಗಳ ಹೆಸರು. ಅಲ್ಲಿ ನೀರಿನ ನಡುವೆ ಇರುವುದು ವಿಪತ್ತಲ್ಲ, ವಸತಿ. ಮನೆಯ ಮುಂದೆ ದೋಣಿ ಕಟ್ಟಿರುತ್ತದೆ, ಮಕ್ಕಳಿಗೆ ಉಬ್ಬರವಿಳಿತದ ಹೊತ್ತು ಬಾಯಿಪಾಠವಾಗಿರುತ್ತದೆ. ಒಂದೇ ನದಿಯ ಎರಡು ತುದಿಗಳಲ್ಲಿ ಒಂದೇ ಆಕಾರದ ನೆಲಕ್ಕೆ ಎರಡು ಶಬ್ದಗಳು, ಎರಡು ಬಾಳುಗಳು. ಮೊದಲನೆಯದು ಕಾದಂಬರಿಯಾಯಿತು, ಚಿತ್ರವಾಯಿತು, ಪಠ್ಯವಾಯಿತು. ಎರಡನೆಯ ಶಬ್ದದ ಅರ್ಥವನ್ನು ನಮ್ಮ ವಿದ್ಯಾರ್ಥಿಗಳಿಗೆ ಬಿಡಿಸಿಹೇಳಬೇಕಾಗುತ್ತದೆ.

ಮಳೆಗಾಲದಲ್ಲಿ ಲಿಂಗನಮಕ್ಕಿ ತುಂಬುತ್ತ ಬಂದಂತೆ ಆ ಕುರ್ವೆಗಳವರಿಗೂ ದಂಡೆಯವರಿಗೂ ಒಂದು ಪ್ರಕಟಣೆಯು ಹೊರಡುತ್ತದೆ: ಜಲಾಶಯದಿಂದ ಯಾವ ಗಳಿಗೆಯಲ್ಲಾದರೂ ನೀರನ್ನು ಬಿಡಬಹುದು, ನದೀಪಾತ್ರದ ಜನರು ದನಕರುಗಳೊಡನೆ ಸುರಕ್ಷಿತ ಸ್ಥಳಕ್ಕೆ ತೆರಳತಕ್ಕದ್ದು ಎಂಬ ತಾತ್ಪರ್ಯದ್ದು. ಶರಾವತಿಯ ಅಳಿವೆಯ ಕುಟುಂಬಗಳನ್ನು ಉದ್ದೇಶಿಸಿ ಕನ್ನಡದಲ್ಲಿ ತಪ್ಪದೆ ಬರೆಯಲ್ಪಡುವ ಗದ್ಯವೆಂದರೆ ಇಂದಿಗೂ ಬಹುಮಟ್ಟಿಗೆ ಇದೇ. ಅದರ ಭಾಷೆಯನ್ನು ಯಾರಾದರೂ ವಿದ್ಯಾರ್ಥಿಗಳು ವರ್ಷಾನುಕ್ರಮವಾಗಿ ಕೂಡಿಹಾಕಿ, ಅದಕ್ಕೆ ಎದುರಾಗಿ ಮಾವಿನಕುರ್ವೆಯ ಹಿರಿಯರ ಬಾಯಿಂದ ಮೀನು, ಬಲೆ, ಉಬ್ಬರ, ಕೆಸರುಗಳ ಹೆಸರುಗಳನ್ನು ಬರೆದುಕೊಂಡು ಬಂದರೆ, ಈ ಸಂಚಿಕೆಯ ಮುಂದಿನ ಪುಟಗಳಲ್ಲಿ ಅದಕ್ಕೆ ಸ್ಥಳವಿರುತ್ತದೆ.